ಹೆಡ್‌ಸೆಟ್ ಕೊಳ್ಳುವ ಮುನ್ನ: ವಿಪತ್ತು ವೈದ್ಯಕೀಯ ತರಬೇತಿಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆಂಬುಲೆನ್ಸ್ ಸಿಬ್ಬಂದಿಗೆ ವರ್ಚುವಲ್ ರಿಯಾಲಿಟಿಯ (ವಿ.ಆರ್., ಅಂದರೆ ಕಂಪ್ಯೂಟರ್ ಕಟ್ಟಿದ ದೃಶ್ಯದೊಳಗೇ ಇದ್ದೇವೆ ಅನ್ನಿಸುವ ತಂತ್ರಜ್ಞಾನ) ಮೂಲಕ ವಿಪತ್ತು ತರಬೇತಿ ಕೊಡಿಸುವ ಪ್ರಸ್ತಾವಗಳು ಈಗ ಎಲ್ಲೆಡೆ ಕಡತ ಸೇರುತ್ತಿವೆ. ಕಂಪನಿಯವರು ಬರುತ್ತಾರೆ, ನಿಮ್ಮ ತಲೆಗೊಂದು ಹೆಡ್‌ಸೆಟ್ ತೊಡಿಸುತ್ತಾರೆ, ಎರಡು ನಿಮಿಷ ಹೊಗೆ, ಬೆಂಕಿ, ಚೀರಾಟ ತೋರಿಸುತ್ತಾರೆ. ತೆಗೆಯುವ ಹೊತ್ತಿಗೆ ನಿಮ್ಮ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಸುತ್ತ ನಿಂತವರು ಮೆಚ್ಚಿ ತಲೆಯಾಡಿಸುತ್ತಾರೆ. ಅಲ್ಲಿಗೆ ಅರ್ಧ ಮಂಜೂರಾತಿ ಸಿಕ್ಕ ಹಾಗೆಯೇ. ತುರ್ತು ವೈದ್ಯಕೀಯ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸದಲ್ಲಿರುವ ನಾನು ಈ ತಂತ್ರಜ್ಞಾನದ ವಿರೋಧಿಯಲ್ಲ, ಅದು ಬೇಕೇ ಬೇಕು ಎಂದು ಒತ್ತಾಯಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಎರಡು ನಿಮಿಷದಲ್ಲಿ ನಿಮಗೆ ತೋರಿಸಿದ್ದು ಅದರ ಅತ್ಯಂತ ಅಗ್ಗದ ಗುಣ. ಬೆಲೆಬಾಳುವ ಗುಣ ಪ್ರದರ್ಶನದಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ. ಹಾಗಾಗಿ ಟೆಂಡರ್ ಷರತ್ತುಗಳಲ್ಲೂ ಅದು ಬಿಟ್ಟುಹೋಗುತ್ತಿದೆ.

ವಿಪತ್ತಿನ ಸ್ಥಳದಲ್ಲಿ ನಮ್ಮವರಿಂದ ನಾವು ಏನನ್ನು ಕೇಳುತ್ತೇವೆ ಎಂಬುದನ್ನು ಮೊದಲು ಬಿಡಿಸಿ ಹೇಳಿಬಿಡುತ್ತೇನೆ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್ ಅಗ್ನಿಶಾಮಕ ಇಲಾಖೆ ಮತ್ತು ಅಲ್ಲಿನ ಹೋಗ್ ಆಸ್ಪತ್ರೆ ಸೇರಿ ‘ಸ್ಟಾರ್ಟ್’ ಎಂಬ ಟ್ರಯಾಜ್ ವಿಧಾನವನ್ನು, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ಗಾಯಾಳುಗಳನ್ನು ವಿಂಗಡಿಸುವ ಕ್ರಮವನ್ನು, ರೂಪಿಸಿದವು. ಜಗತ್ತಿನ ಹಲವು ಕಡೆ ಇಂದಿಗೂ ಅದೋ, ಅದರ ಯಾವುದಾದರೂ ಪರಿಷ್ಕೃತ ರೂಪವೋ ಬಳಕೆಯಲ್ಲಿದೆ. ‘ನಡೆಯಬಲ್ಲವರೆಲ್ಲ ಆ ಬದಿಗೆ ಹೋಗಿ’ ಎಂದು ಗಟ್ಟಿಯಾಗಿ ಕೂಗುವುದು ಮೊದಲ ಹೆಜ್ಜೆ. ಹಾಗೆ ಹೋದವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ಒಬ್ಬೊಬ್ಬರ ಬಳಿಯೂ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಉಸಿರಾಟ ನಿಮಿಷಕ್ಕೆ 30 ದಾಟಿದರೆ ಕೆಂಪು, ಅಂದರೆ ತಕ್ಷಣ ಚಿಕಿತ್ಸೆ ಬೇಕಾದವರು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಅಥವಾ ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೆಂಪು. ‘ಕೈ ಹಿಡಿದುಕೊಳ್ಳಿ’ ಎಂಬಂಥ ಸರಳ ಮಾತನ್ನೂ ಪಾಲಿಸಲಾಗದಿದ್ದರೆ ಕೆಂಪು. ಮೂರೂ ಸರಿಯಿದ್ದು ನಡೆಯಲಾಗದವರಿಗೆ ಹಳದಿ, ಅಂದರೆ ತುಸು ಕಾಯಬಲ್ಲವರು. ಉಸಿರೇ ಇಲ್ಲದವರ ಶ್ವಾಸಮಾರ್ಗವನ್ನು ತೆರೆದು ನೋಡಬೇಕು. ಉಸಿರು ಮರಳಿದರೆ ಕೆಂಪು, ಮರಳದಿದ್ದರೆ ಕಪ್ಪು ಪಟ್ಟಿ ಕಟ್ಟಿ ಮುಂದಕ್ಕೆ ಹೋಗಬೇಕು.

ಅರ್ಧ ದಿನದಲ್ಲಿ ಯಾರಿಗೆ ಬೇಕಾದರೂ ಇದನ್ನು ಬಾಯಿಪಾಠ ಮಾಡಿಸಬಹುದು. ಆದರೆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಉಳಿದೆಲ್ಲ ದಿನಗಳಲ್ಲಿ ಇದೇ ಸಿಬ್ಬಂದಿಗೆ ನಾವು ಕಲಿಸಿರುವುದು ಇದಕ್ಕೆ ತದ್ವಿರುದ್ಧ: ಉಸಿರು ನಿಂತವರ ಪಕ್ಕ ಮಂಡಿಯೂರು, ಎದೆ ಒತ್ತು, ಇನ್ನೊಬ್ಬರು ಬರುವ ತನಕ ಬಿಡಬೇಡ. ವರ್ಷಗಟ್ಟಲೆ ಮೈಗೂಡಿದ ಆ ಅಭ್ಯಾಸವನ್ನು ಒಂದು ಗಂಟೆಯ ಮಟ್ಟಿಗೆ ಬದಿಗಿಡು ಎಂದು ವಿಪತ್ತು ಕೇಳುತ್ತದೆ. ಪಕ್ಕದಲ್ಲಿ ಹೆಂಡತಿಯೋ ಮಗನೋ ‘ಇವರನ್ನು ನೋಡಿ, ಇವರನ್ನು ನೋಡಿ’ ಎಂದು ತೋಳು ಜಗ್ಗುತ್ತಿರುವಾಗ ಎದ್ದು ಮುಂದಿನವರ ಬಳಿ ಹೋಗಬೇಕು. ಇದು ತಿಳಿವಳಿಕೆಯ ಕೊರತೆಯಿಂದ ಕೆಡುವ ಕೆಲಸವಲ್ಲ. ನಿಯಮವನ್ನು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸುವವರೇ ಮೊದಲ ಅಣಕು ಗಾಯಾಳುವಿನ ಪಕ್ಕದಲ್ಲಿ ಐದು ನಿಮಿಷ ಕಳೆಯುವುದನ್ನು ತರಬೇತುದಾರರೆಲ್ಲ ಕಂಡಿರುತ್ತಾರೆ.

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಹೊರಗಿನವರು ಗಮನಿಸುವುದು ಕಡಿಮೆ. ಬಿಟ್ಟುಹೋಗುವ ಸಂಕಟದಿಂದ ಪಾರಾಗಲು ಸಿಬ್ಬಂದಿ ಸಿಕ್ಕಸಿಕ್ಕವರಿಗೆಲ್ಲ ಕೆಂಪು ಪಟ್ಟಿ ಕಟ್ಟಿಬಿಡುತ್ತಾರೆ. ಮೇಲ್ನೋಟಕ್ಕೆ ಇದು ಕರುಣೆ. ಆದರೆ ಆಸ್ಪತ್ರೆಗೆ ಹೋದ ಹತ್ತು ಕೆಂಪು ಪಟ್ಟಿಗಳಲ್ಲಿ ಏಳು ಸುಳ್ಳಾದರೆ, ನಿಜವಾಗಿ ಸಾಯುತ್ತಿರುವ ಮೂವರಿಗೆ ಶಸ್ತ್ರಚಿಕಿತ್ಸಾ ಕೊಠಡಿ ಸಿಗುವುದು ತಡವಾಗುತ್ತದೆ. ಬಾಂಬ್ ಸ್ಫೋಟಗಳ ದಾಖಲೆಗಳನ್ನು ಹೋಲಿಸಿ ನೋಡಿದ ಅಮೆರಿಕದ ಶಸ್ತ್ರಚಿಕಿತ್ಸಕ ಎರಿಕ್ ಫ್ರಿಕ್‌ಬರ್ಗ್ 2002ರಲ್ಲಿ ತೋರಿಸಿದ್ದು ಇದನ್ನೇ: ಅನಗತ್ಯ ಕೆಂಪು ಪಟ್ಟಿಗಳ ಪ್ರಮಾಣ ಏರಿದಂತೆ ತೀವ್ರವಾಗಿ ಗಾಯಗೊಂಡವರ ಸಾವಿನ ಪ್ರಮಾಣವೂ ಏರುತ್ತದೆ. ಅಂದರೆ ಸ್ಥಳದಲ್ಲಿ ನಿಂತವರ ಒಂದೊಂದು ನಿರ್ಧಾರಕ್ಕೂ, ಅವರು ಕಣ್ಣಲ್ಲಿ ಕಾಣದ ಯಾರೋ ಬೆಲೆ ತೆರುತ್ತಾರೆ. ತಾನು ಮಾಡಿದ ತೀರ್ಮಾನದ ಫಲ ತನಗೆ ಕಾಣದಿರುವ ಕೆಲಸವನ್ನು ಯಾರೂ ಅನುಭವದಿಂದ ಕಲಿಯಲಾರರು. ನಿಜವಾದ ವಿಪತ್ತಿನಲ್ಲಿ ಕಲಿಯೋಣವೆಂದರೆ, ಬಹುತೇಕರ ಇಡೀ ಸೇವಾವಧಿಯಲ್ಲಿ ಅಂಥ ದಿನ ಒಂದೋ ಎರಡೋ ಬಂದೀತು, ಬಾರದೆಯೂ ಇದ್ದೀತು.

ಈಗ ನಾವು ನಡೆಸುವ ಅಣಕು ಕಾರ್ಯಾಚರಣೆಗಳನ್ನು ನೋಡೋಣ. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ಮೊದಲೇ ತಿಳಿಸಿದ ದಿನಾಂಕ, ಹಗಲು ಹೊತ್ತು, ಬಯಲು ಜಾಗ. ಸ್ವಯಂಸೇವಕರಿಗೆ ಕೆಂಪು ಬಣ್ಣ ಬಳಿದು, ಕುತ್ತಿಗೆಗೆ ಒಂದು ಚೀಟಿ ತೂಗುಹಾಕಿ ಮಲಗಿಸುತ್ತೇವೆ. ಒಂದು ಗಂಟೆ ಕಳೆದರೆ ಅವರೇ ಎದ್ದು ಕೂತು ಹರಟೆ ಹೊಡೆಯುತ್ತಿರುತ್ತಾರೆ. ಮೇಲಧಿಕಾರಿಗಳು ನೋಡಲು ಬರುತ್ತಾರೆ, ಫೋಟೊಗಳಾಗುತ್ತವೆ, ವರದಿಯಲ್ಲಿ ‘ಯಶಸ್ವಿ’ ಎಂದು ಬರೆಯಲಾಗುತ್ತದೆ. ವಿಫಲವಾದ ಅಣಕು ಕಾರ್ಯಾಚರಣೆಯ ವರದಿಯನ್ನು ನಾನಂತೂ ಓದಿಲ್ಲ.

ಇದನ್ನು ಹಂಗಿಸಲು ಹೇಳುತ್ತಿಲ್ಲ. ಬಯಲಿನಲ್ಲಿ ನಡೆಸುವ ಅಭ್ಯಾಸದಿಂದ ಮಾತ್ರ ಸಿಗುವ ಪಾಠಗಳಿವೆ, ಅವುಗಳಿಗೆ ಮುಂದೆ ಬರುತ್ತೇನೆ. ಸದ್ಯಕ್ಕೆ ಒಂದೇ ಲೆಕ್ಕ ಹಾಕಿ. ಅರವತ್ತು ಸಿಬ್ಬಂದಿ ಭಾಗವಹಿಸಿದ ಅಂಥ ದಿನದಲ್ಲಿ ಟ್ರಯಾಜ್ ಮಾಡುವವರು ಎಷ್ಟು ಮಂದಿ? ಇಬ್ಬರೋ ಮೂವರೋ. ಉಳಿದವರು ಸ್ಟ್ರೆಚರ್ ಹೊರುತ್ತಾರೆ, ಗಾಡಿ ಓಡಿಸುತ್ತಾರೆ, ಕಾಯುತ್ತಾರೆ. ಆದರೆ ನಿಜವಾದ ಅವಘಡದಲ್ಲಿ ಮೊದಲು ಸ್ಥಳ ಮುಟ್ಟುವವರು ಯಾರೆಂಬುದನ್ನು ಯಾರೂ ಮೊದಲೇ ನೇಮಿಸಿರುವುದಿಲ್ಲ. ಹತ್ತಿರದಲ್ಲಿದ್ದ ಗಾಡಿ ಹೋಗುತ್ತದೆ, ಅದರಲ್ಲಿದ್ದ ಇಬ್ಬರ ಹೆಗಲಿಗೆ ಆ ಹೊಣೆ ಬೀಳುತ್ತದೆ. ಅವರು ಹೋದ ವರ್ಷ ಸ್ಟ್ರೆಚರ್ ಹೊತ್ತಿದ್ದವರೇ ಆಗಿರುವ ಸಂಭವವೇ ಹೆಚ್ಚು.

ಹೆಡ್‌ಸೆಟ್ಟಿನ ನಿಜವಾದ ಉಪಯೋಗ ಇರುವುದು ಇಲ್ಲಿ. ಅರವತ್ತು ಮಂದಿಯೂ, ಒಬ್ಬೊಬ್ಬರಾಗಿ, ಮೊದಲು ತಲುಪಿದವರಾಗಬಹುದು. ಪಾಳಿ ಮುಗಿಸಿ ಬಂದವರೊಬ್ಬರು ಮುಕ್ಕಾಲು ಗಂಟೆಯೊಳಗೆ ಮೂರು ಬಾರಿ ಅದೇ ರೈಲು ಬೋಗಿಯೊಳಗೆ ಹೋಗಿ, ಮೂರು ಬಾರಿ ಬೇರೆ ಬೇರೆ ಗಾಯಾಳುಗಳನ್ನು ಕಾಣಬಹುದು. ತರಬೇತುದಾರರು ಒಂದು ಗುಂಡಿ ಒತ್ತಿ ವೈರ್‌ಲೆಸ್ ಸಂಪರ್ಕವನ್ನೇ ಕಡಿದುಬಿಡಬಹುದು. ಇದು ಕಲ್ಪನೆಯ ತೊಂದರೆಯಲ್ಲ. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದಾಗ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ರೇಡಿಯೊಗಳು ನೆಲದಡಿಯಲ್ಲಿ ಕೆಲಸ ಮಾಡಲಿಲ್ಲ. ಸಂದೇಶವನ್ನು ಹೊತ್ತು ಮೇಲಕ್ಕೂ ಕೆಳಕ್ಕೂ ಓಡಾಡಬೇಕಾಯಿತು. ಬಯಲಿನ ಅಣಕು ಕಾರ್ಯಾಚರಣೆಯಲ್ಲಿ ಹೀಗೆ ಸಂಪರ್ಕ ಕಡಿದರೆ ಕಾರ್ಯಕ್ರಮವೇ ಕೆಟ್ಟಿತೆಂದು ಎಲ್ಲರೂ ಸಿಡಿಮಿಡಿಗೊಳ್ಳುತ್ತಾರೆ. ಹೆಡ್‌ಸೆಟ್ಟಿನೊಳಗೆ ಹಾಗಲ್ಲ, ಅದೂ ಪಾಠದ ಒಂದು ಭಾಗ.

ಮಕ್ಕಳ ವಿಷಯ ಇನ್ನೂ ಮುಖ್ಯ. ಮಕ್ಕಳಿಗೆ ದೊಡ್ಡವರ ಲೆಕ್ಕ ಹೊಂದುವುದಿಲ್ಲವೆಂದು 1995ರಲ್ಲಿ ‘ಜಂಪ್‌ಸ್ಟಾರ್ಟ್’ ಎಂಬ ಬೇರೆ ವಿಧಾನ ಬಂತು. ಅದರ ಪ್ರಕಾರ ಮಗುವಿಗೆ ನಿಮಿಷಕ್ಕೆ 45ರ ತನಕದ ಉಸಿರಾಟ ಸಹಜ ವ್ಯಾಪ್ತಿಯೊಳಗೇ ಬರುತ್ತದೆ. ಉಸಿರು ನಿಂತಿದ್ದರೂ ನಾಡಿ ಸಿಗುತ್ತಿರುವ ಮಗುವಿಗೆ ಐದು ಬಾರಿ ಉಸಿರು ಊದಿ ನೋಡಿದ ಮೇಲೆಯೇ ಕಪ್ಪು ಪಟ್ಟಿಯ ಮಾತು. ಮಕ್ಕಳಲ್ಲಿ ಹೃದಯಕ್ಕಿಂತ ಮೊದಲು ಉಸಿರು ಕೈಕೊಡುವುದೇ ಹೆಚ್ಚು ಎಂಬುದು ಇದರ ಹಿಂದಿನ ಕಾರಣ. ಈ ವ್ಯತ್ಯಾಸವನ್ನು ಅಭ್ಯಾಸ ಮಾಡಿಸುವುದೆಲ್ಲಿ? ಮೈತುಂಬ ರಕ್ತದ ಬಣ್ಣ ಬಳಿದು ಐದು ವರ್ಷದ ಮಕ್ಕಳನ್ನು ಬಿಸಿಲಲ್ಲಿ ಮಲಗಿಸಲಾಗದು, ಮಲಗಿಸಲೂಬಾರದು. ಹಾಗಾಗಿ ನಮ್ಮ ಸಿಬ್ಬಂದಿಯಲ್ಲಿ ಬಹಳಷ್ಟು ಮಂದಿ ಮಕ್ಕಳ ಟ್ರಯಾಜನ್ನು ಕಾಗದದ ಮೇಲೆ ಬಿಟ್ಟರೆ ಬೇರೆಲ್ಲೂ ಮಾಡಿಯೇ ಇಲ್ಲ. ವಿ.ಆರ್. ಇದೊಂದನ್ನು ಮಾತ್ರ ಮಾಡಿಕೊಟ್ಟರೂ ಅದಕ್ಕೆ ಹಾಕಿದ ಹಣ ವ್ಯರ್ಥವಲ್ಲ ಎಂಬುದು ನನ್ನ ಅಭಿಪ್ರಾಯ.

ಆಧಾರ ಕೇಳುವುದು ನಿಮ್ಮ ಕರ್ತವ್ಯ. 2010ರಲ್ಲಿ ಪ್ರಕಟವಾದ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ತುರ್ತು ಚಿಕಿತ್ಸೆಯ ಕಲಿಕೆಯಲ್ಲಿದ್ದ 15 ವೈದ್ಯರಲ್ಲಿ ವಿ.ಆರ್. ಟ್ರಯಾಜ್ ತರಬೇತಿಯನ್ನೂ ನಟರನ್ನಿಟ್ಟು ಮಾಡುವ ತರಬೇತಿಯನ್ನೂ ಹೋಲಿಸಿ, ಮೊದಲನೆಯದೂ ನೆಚ್ಚಬಹುದಾದ ದಾರಿಯೇ ಎಂದಿತು. 2020ರ ಸುಮಾರಿಗೆ ಆಸ್ಟ್ರೇಲಿಯಾದ ಪ್ಯಾರಾಮೆಡಿಕ್ ವಿದ್ಯಾರ್ಥಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿಯೂ ಎರಡೂ ವಿಧಾನಗಳ ಫಲ ಬಹುತೇಕ ಸಮನಾಗಿ ಕಂಡಿತು. ನಡೆಸುವ ಖರ್ಚು ಮಾತ್ರ ವಿ.ಆರ್.ನಲ್ಲಿ ಸುಮಾರು ಹದಿಮೂರನೇ ಒಂದು ಪಾಲಿನಷ್ಟಿತ್ತು. ಈ ಅಂಕಿಯನ್ನು ಮಾರಾಟಗಾರರು ನಿಮಗೆ ಖಂಡಿತ ತೋರಿಸುತ್ತಾರೆ. ಹೊಸ ದೃಶ್ಯಗಳನ್ನು ಕಟ್ಟಿಸುವ, ತಂತ್ರಾಂಶವನ್ನು ವರ್ಷವರ್ಷವೂ ನವೀಕರಿಸುವ, ಕೆಟ್ಟ ಉಪಕರಣ ಬದಲಿಸುವ ಖರ್ಚನ್ನು ಅದರ ಪಕ್ಕದಲ್ಲಿ ನೀವೇ ಬರೆದುಕೊಳ್ಳಿ. ಇನ್ನೊಂದು ಮಾತು: ಇವು ಚಿಕ್ಕ ಗುಂಪುಗಳ ಅಧ್ಯಯನಗಳು. ಅಳೆದದ್ದು ತರಬೇತಿ ಕೋಣೆಯೊಳಗಿನ ಸಾಧನೆಯನ್ನು. ನಿಜವಾದ ವಿಪತ್ತಿನಲ್ಲಿ ಉಳಿದ ಜೀವಗಳನ್ನು ಇವು ಎಣಿಸಿಲ್ಲ. ಹಾಗೆ ಎಣಿಸುವುದು ಸುಲಭವೂ ಅಲ್ಲ.

ಇವೆರಡಕ್ಕಿಂತ ನನಗೆ ಹೆಚ್ಚು ಹಿಡಿಸುವ ಅಧ್ಯಯನ ವಿಪತ್ತಿನದ್ದಲ್ಲ, ಪಿತ್ತಕೋಶದ್ದು. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಯುವ ಶಸ್ತ್ರಚಿಕಿತ್ಸಕರ ಪೈಕಿ ಒಂದು ಗುಂಪಿಗೆ ವಿ.ಆರ್. ಅಭ್ಯಾಸ ಕೊಟ್ಟು, ಬಳಿಕ ಎರಡೂ ಗುಂಪಿನವರು ನಿಜವಾದ ರೋಗಿಗಳ ಮೇಲೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಗಮನಿಸಿದರು. ಯಾರು ಯಾವ ಗುಂಪಿನವರೆಂದು ಅಂಕ ಹಾಕುವವರಿಗೆ ಗೊತ್ತಿರಲಿಲ್ಲ. ವಿ.ಆರ್. ಅಭ್ಯಾಸ ಮಾಡಿದವರು ಆ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರು, ತಪ್ಪುಗಳಂತೂ ಸುಮಾರು ಆರನೇ ಒಂದಕ್ಕೆ ಇಳಿದವು. ಆದರೆ ನೀವು ಗಮನಿಸಬೇಕಾದದ್ದು ಬೇರೆ. ಅಲ್ಲಿ ‘ಇಷ್ಟು ಗಂಟೆ ತರಬೇತಿ’ ಎಂದು ನಿಗದಿ ಮಾಡಿರಲಿಲ್ಲ. ಪಳಗಿದ ಶಸ್ತ್ರಚಿಕಿತ್ಸಕರು ಅದೇ ಯಂತ್ರದಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಾರೋ ಆ ಮಟ್ಟ ಮುಟ್ಟುವ ತನಕ ಅಭ್ಯಾಸ. ಒಬ್ಬರಿಗೆ ಬೇಗ ಬಂತು, ಇನ್ನೊಬ್ಬರಿಗೆ ತಡವಾಯಿತು. ನಮ್ಮಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಬಿದ್ದರೆ ತರಬೇತಿ ಮುಗಿದಂತೆ. ಹೆಡ್‌ಸೆಟ್ ತಂದು ಅದೇ ಹಾಜರಿ ಪುಸ್ತಕ ಮುಂದುವರಿಸಿದರೆ ಬದಲಾಗುವುದು ಏನೂ ಇಲ್ಲ.

ಇಲ್ಲೊಂದು ಹಳೆಯ ಕಥೆ ಹೇಳಬೇಕು. ಎಡ್ವಿನ್ ಲಿಂಕ್ ಎಂಬಾತ ಅಮೆರಿಕದಲ್ಲಿ ಆರ್ಗನ್ ವಾದ್ಯ ತಯಾರಿಸುವ ಮನೆತನದಲ್ಲಿ ಬೆಳೆದವನು. ಆರ್ಗನ್ನಿನ ಗಾಳಿ ತಿದಿಗಳನ್ನೇ ಬಳಸಿ, ಓಲಾಡುವ ಒಂದು ನಕಲಿ ವಿಮಾನವನ್ನು 1929ರ ಹೊತ್ತಿಗೆ ಕಟ್ಟಿದ. ಅದನ್ನು ಜಾತ್ರೆ, ಮನರಂಜನಾ ಉದ್ಯಾನಗಳಲ್ಲಿ ಆಟಿಕೆಯಾಗಿ ಕೊಂಡವರೇ ಹೆಚ್ಚು. 1934ರಲ್ಲಿ ಅಮೆರಿಕದ ಸೇನೆಗೆ ವಿಮಾನ ಅಂಚೆ ಸಾಗಿಸುವ ಕೆಲಸ ಬಂತು. ಮೋಡ ಮುಸುಕಿದ ಆಕಾಶದಲ್ಲಿ ಉಪಕರಣಗಳನ್ನೇ ನಂಬಿ ಹಾರಲು ಪೈಲಟ್‌ಗಳಿಗೆ ಸಾಕಷ್ಟು ಅಭ್ಯಾಸವಿರಲಿಲ್ಲ. ಕೆಲವೇ ವಾರಗಳಲ್ಲಿ ಹಲವರು ಸತ್ತರು. ಆಮೇಲೆ ಸೇನೆ ಲಿಂಕ್‌ನ ಯಂತ್ರಗಳನ್ನು ಕೊಂಡಿತು. ಸಾವಾದ ಮೇಲೆ ಖರೀದಿ ಎಂಬ ಭಾಗವನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ. ಆದರೆ ನಮಗೆ ಬೇಕಾದ ಭಾಗ ಮುಂದಿದೆ. ಲಿಂಕ್ ಯಂತ್ರದ ಪಕ್ಕದಲ್ಲಿ ಬೋಧಕರಿಗೊಂದು ಮೇಜಿತ್ತು. ಅದರ ಮೇಲಿನ ನಕ್ಷೆಯ ಮೇಲೆ ‘ಏಡಿ’ ಎಂದು ಕರೆಯುತ್ತಿದ್ದ ಪುಟ್ಟ ಗಾಲಿಯಂತ್ರವೊಂದು ತೆವಳುತ್ತಾ, ಒಳಗೆ ಕುರುಡಾಗಿ ಹಾರುತ್ತಿದ್ದ ವಿದ್ಯಾರ್ಥಿ ಹೋದ ದಾರಿಯನ್ನೆಲ್ಲ ಶಾಯಿಯಲ್ಲಿ ಗೆರೆಯಾಗಿ ಬರೆಯುತ್ತಿತ್ತು. ಹೊರಗೆ ಬಂದ ವಿದ್ಯಾರ್ಥಿಯನ್ನು ಆ ಗೆರೆಯ ಮುಂದೆ ಕೂರಿಸುತ್ತಿದ್ದರು. ಇಲ್ಲಿ ತಿರುಗಿದೆಯಲ್ಲ, ಆಗ ನಿನಗೆ ಏನನ್ನಿಸಿತ್ತು? ಪೈಲಟ್‌ಗಳು ತಯಾರಾದದ್ದು ಓಲಾಡುವ ಪೆಟ್ಟಿಗೆಯೊಳಗೆ ಎಷ್ಟೋ, ಆ ಮೇಜಿನ ಮುಂದೆಯೂ ಅಷ್ಟೇ.

ನೀವು ಕೊಳ್ಳಬೇಕಾದದ್ದು ಆ ಮೇಜನ್ನು. ಇಂದಿನ ಹೆಡ್‌ಸೆಟ್‌ಗಳು ಲಿಂಕ್ ಕನಸು ಕಾಣದಷ್ಟು ದಾಖಲಿಸಬಲ್ಲವು: ಯಾರ ಬಳಿ ಎಷ್ಟು ಸೆಕೆಂಡ್ ನಿಂತರು, ಯಾರ ಪಕ್ಕದಲ್ಲೇ ಹಾದುಹೋಗಿಯೂ ನೋಡಲಿಲ್ಲ, ಕಣ್ಣು ಎಲ್ಲಿ ಸಿಕ್ಕಿಬಿತ್ತು, ಯಾವ ಕ್ರಮದಲ್ಲಿ ಪಟ್ಟಿ ಕಟ್ಟಿದರು. ಜೋರಾಗಿ ಕಿರುಚುವವರ ಕಡೆಗೇ ಮೊದಲು ಓಡುವುದು, ಮೂಲೆಯಲ್ಲಿ ಸದ್ದಿಲ್ಲದೆ ಕುಳಿತು ಒಳಗೇ ರಕ್ತ ಸೋರುತ್ತಿರುವವರನ್ನು ಬಿಟ್ಟುಬಿಡುವುದು ಸಾಮಾನ್ಯವಾದ ತಪ್ಪು. ಬಾಯಿಮಾತಿನಲ್ಲಿ ಹೇಳಿದರೆ ‘ನಾನು ಹಾಗೆ ಮಾಡಲಿಲ್ಲ’ ಎನ್ನುತ್ತಾರೆ, ಹಾಗೆ ಮಾಡಿಲ್ಲವೆಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ ಕೂಡ. ತಾವೇ ನಡೆದ ದಾರಿಯನ್ನು ಮೇಲಿನಿಂದ ನೋಡಿದಾಗ ವಾದ ನಿಲ್ಲುತ್ತದೆ, ಮಾತುಕತೆ ಶುರುವಾಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನಗತ್ಯವಾಗಿ ಕೆಂಪು ಕಟ್ಟಿದ ಮೂವರಿಂದಾಗಿ ಆಸ್ಪತ್ರೆಯ ಬಾಗಿಲಲ್ಲಿ ಯಾರು ಕಾಯಬೇಕಾಯಿತು, ಕಾದು ಏನಾಯಿತು ಎಂಬುದನ್ನೂ ತಂತ್ರಾಂಶ ತೋರಿಸಬಹುದು. ಯಾವ ಬಯಲಿನ ಅಭ್ಯಾಸವೂ, ಅಷ್ಟೇಕೆ, ಯಾವ ನಿಜವಾದ ವಿಪತ್ತೂ ಇದನ್ನು ಸಿಬ್ಬಂದಿಗೆ ಇಷ್ಟು ನೇರವಾಗಿ ತೋರಿಸುವುದಿಲ್ಲ. ಆದರೆ ಈ ಮಾತುಕತೆ ನಡೆಸಲು ಪಳಗಿದ ಬೋಧಕರು ಬೇಕು, ದೃಶ್ಯಕ್ಕೆ ಹಿಡಿದ ಸಮಯದ ಎರಡರಷ್ಟು ಸಮಯ ಬೇಕು. ನಾನು ನೋಡಿದ ಪ್ರಸ್ತಾವಗಳಲ್ಲಿ ಹೆಡ್‌ಸೆಟ್ಟಿಗೆ ಸಾಲುಗಟ್ಟಲೆ ವಿವರಣೆಯಿರುತ್ತದೆ, ಬೋಧಕರಿಗೆ ಒಂದು ಸಾಲೂ ಇರುವುದಿಲ್ಲ.

ವಿ.ಆರ್. ಏನನ್ನು ಕೊಡಲಾರದು ಎಂಬುದನ್ನೂ ಅಷ್ಟೇ ನೇರವಾಗಿ ಹೇಳಬೇಕು. ತೊಡೆಯ ರಕ್ತಸ್ರಾವ ನಿಲ್ಲಿಸಲು ಟೂರ್ನಿಕೆ, ಅಂದರೆ ರಕ್ತ ತಡೆಯುವ ಬಿಗಿಪಟ್ಟಿ, ಎಷ್ಟು ಬಿಗಿಯಬೇಕೆಂಬುದು ಕೈಗೆ ಗೊತ್ತಾಗಬೇಕು, ಕಣ್ಣಿಗಲ್ಲ. ಗುಂಡಿ ಒತ್ತಿದರೆ ಬಿಗಿಯುವ ಟೂರ್ನಿಕೆ ಸುಳ್ಳು ಧೈರ್ಯ ಕೊಡುತ್ತದೆ. ಎಂಬತ್ತು ಕಿಲೋ ತೂಕದ ದೇಹವನ್ನು ಮೆಟ್ಟಿಲು ಹತ್ತಿಸುವ ದಣಿವು, ರಕ್ತ ಮೆತ್ತಿದ ಕೈಗವಸಿನ ಜಾರು, ವಾಸನೆ, ಮಳೆ, ಮೂರನೇ ಗಂಟೆಗೆ ಬರುವ ಮಂಕು, ಇವು ಯಾವುವೂ ಅದರೊಳಗಿಲ್ಲ. ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುವಾಗ ಒಳಕಿವಿ ‘ಇಲ್ಲ, ನಿಂತಿದ್ದೀಯ’ ಎನ್ನುವುದರಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಅದು ಅವರ ದೌರ್ಬಲ್ಯವಲ್ಲ, ಅಂಥವರಿಗೆ ಬೇರೆ ದಾರಿ ಇಟ್ಟಿರಬೇಕು. 2021ರಲ್ಲಿ ಯುರೋಪಿಯನ್ ಒಕ್ಕೂಟದ ನೆರವಿನಿಂದ ಶುರುವಾದ ‘ಮೆಡ್‌ಫಸ್ಟ್‌ಎಂಆರ್’ ಯೋಜನೆ ಈ ಕೊರತೆಯನ್ನು ತುಂಬಲು ಬೊಂಬೆ ಮತ್ತು ವಿ.ಆರ್. ಎರಡನ್ನೂ ಬೆಸೆಯಿತು: ಕಣ್ಣಿಗೆ ಕಾಣುವುದು ಸ್ಫೋಟದ ಜಾಗ, ಕೈಗೆ ಸಿಗುವುದು ನಿಜವಾಗಿ ಮುಟ್ಟಬಹುದಾದ ರೋಗಿ ಬೊಂಬೆ. ಜೊತೆಗೆ ತರಬೇತಿ ಪಡೆಯುವವರ ಮೈಯ ಒತ್ತಡವನ್ನೂ ಅಳೆಯುವ ಏರ್ಪಾಡು. ದಿಕ್ಕು ಸರಿಯಾಗಿದೆ. ಆದರೆ ಅದಕ್ಕೂ ಮೊದಲು, ಕೈಗೆಲಸವನ್ನು ಬೊಂಬೆಯ ಮೇಲೂ ನಿರ್ಧಾರವನ್ನು ಹೆಡ್‌ಸೆಟ್ಟಿನಲ್ಲೂ ಒಟ್ಟುಗೂಡಿ ಕೆಲಸ ಮಾಡುವುದನ್ನು ಬಯಲಿನಲ್ಲೂ ಕಲಿಸುವಷ್ಟು ಸರಳವಾದ ಹಂಚಿಕೆಯಿಂದ ಯಾರು ಬೇಕಾದರೂ ಇಂದೇ ಶುರುಮಾಡಬಹುದು. ವಿ.ಆರ್. ಬಂತೆಂದು ವಾರ್ಷಿಕ ಅಣಕು ಕಾರ್ಯಾಚರಣೆಯ ಹಣವನ್ನು ಕಡಿತಗೊಳಿಸುವ ಟಿಪ್ಪಣಿ ನಿಮ್ಮ ಮೇಜಿಗೆ ಬಂದರೆ ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ.

ಇನ್ನು ಯಾವ ದೃಶ್ಯಗಳನ್ನು ಕಟ್ಟಿಸಬೇಕು ಎಂಬ ಪ್ರಶ್ನೆ. ಕಂಪನಿಗಳು ಸ್ಫೋಟವನ್ನು ಬಹಳ ಇಷ್ಟಪಡುತ್ತವೆ. ಆದರೆ ವಿಪತ್ತುಗಳಲ್ಲಿ ವ್ಯವಸ್ಥೆ ಮುರಿದುಬಿದ್ದ ಜಾಗಗಳು ಅಷ್ಟು ಚಿತ್ರವತ್ತಾಗಿರುವುದಿಲ್ಲ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸರಿನ್ ವಿಷ ಹರಡಿದಾಗ ಐದು ಸಾವಿರಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಬಂದರು. ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ 640 ಮಂದಿ ಬಂದರು. ಬಹಳಷ್ಟು ಜನ ಆಂಬುಲೆನ್ಸಿಗೆ ಕಾಯದೆ ನಡೆದುಕೊಂಡೋ, ಟ್ಯಾಕ್ಸಿ ಹಿಡಿದೋ ಬಂದಿದ್ದರು. ಅವರ ಬಟ್ಟೆಯಲ್ಲಿ ಉಳಿದಿದ್ದ ವಿಷದಿಂದ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹಲವರಿಗೆ ಕಣ್ಣು ಮಂಜಾಯಿತು, ತಲೆನೋವು ಬಂತು. ಇಲ್ಲಿ ಅಭ್ಯಾಸ ಮಾಡಬೇಕಾದದ್ದು ಏನು? ಸರಿನ್‌ನಿಂದ ಕಣ್ಣುಪಾಪೆ ಕಿರಿದಾದ ಹತ್ತಾರು ಜನ ಒಟ್ಟಿಗೆ ಬಾಗಿಲಿಗೆ ಬಂದಾಗ ‘ನಿಲ್ಲಿ, ಒಳಗೆ ಬಿಡಬೇಡಿ, ಮೊದಲು ಬಟ್ಟೆ ತೆಗೆಸಿ’ ಎಂದು ಹೇಳುವ ಧೈರ್ಯ. ಅದು ಆಸ್ಪತ್ರೆಯ ಹೆಬ್ಬಾಗಿಲಿನ ದೃಶ್ಯ. ಬೆಂಕಿಯಿಲ್ಲ, ಹೊಗೆಯಿಲ್ಲ. ಯಾವ ಮಾರಾಟಗಾರರೂ ಅದನ್ನು ನಿಮಗೆ ಪ್ರದರ್ಶನದಲ್ಲಿ ತೋರಿಸಲಾರರು.

ಎರಡನೆಯದು, ಬೇರೆ ಬೇರೆ ಇಲಾಖೆಗಳ ನಡುವಿನ ಸಂದು. 2017ರ ಮೇ 22ರ ರಾತ್ರಿ 10.31ಕ್ಕೆ ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದು 22 ಜನ ಸತ್ತರು. ಆಮೇಲೆ ನಡೆದ ಸಾರ್ವಜನಿಕ ವಿಚಾರಣೆಯ 2022ರ ವರದಿ ಹೇಳುವುದನ್ನು ಓದಿದರೆ ಎದೆ ಭಾರವಾಗುತ್ತದೆ. ಗಾಯಾಳುಗಳನ್ನೆಲ್ಲ ಅಲ್ಲಿಂದ ಸಾಗಿಸುವ ತನಕ ಸ್ಫೋಟ ನಡೆದ ಕೊಠಡಿಯೊಳಗೆ ಹೋದ ಪ್ಯಾರಾಮೆಡಿಕ್‌ಗಳು ಮೂವರೇ. ಅಗ್ನಿಶಾಮಕ ದಳ ಸ್ಥಳ ತಲುಪಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಶಸ್ತ್ರಧಾರಿ ದಾಳಿಕೋರರು ಇರಬಹುದೆಂಬ ಶಂಕೆಯಲ್ಲಿ ಪೊಲೀಸರು ಮಾಡಿದ ಘೋಷಣೆ ಉಳಿದ ಸೇವೆಗಳಿಗೆ ಮುಟ್ಟಬೇಕಾದ ಹೊತ್ತಿಗೆ ಮುಟ್ಟಲಿಲ್ಲ. ಇದರಲ್ಲಿ ಯಾರಿಗೂ ಬ್ಯಾಂಡೇಜ್ ಕಟ್ಟಲು ಬಾರದೆ ಆದ ನಷ್ಟವಿಲ್ಲ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಈ ಮೂವರೂ ಒಂದೇ ಚಿತ್ರವನ್ನು ನೋಡುತ್ತಿರಲಿಲ್ಲ, ಅಷ್ಟೆ. ಹಾಗಿರುವಾಗ ಆಂಬುಲೆನ್ಸ್ ಸೇವೆಗೊಂದು, ಅಗ್ನಿಶಾಮಕಕ್ಕೊಂದು, ಪೊಲೀಸರಿಗೊಂದು ಎಂದು ಮೂರು ಬೇರೆ ಕಂಪನಿಗಳ, ಒಂದಕ್ಕೊಂದು ಮಾತಾಡದ ತಂತ್ರಾಂಶ ಕೊಂಡರೆ ಅದೇ ಬಿರುಕನ್ನು ಹಣ ಕೊಟ್ಟು ಕಟ್ಟಿಸಿಕೊಂಡಂತೆ. ಮೂರೂ ಸೇವೆಗಳವರು ತಮ್ಮ ತಮ್ಮ ಠಾಣೆಯಲ್ಲೇ ಕುಳಿತು ಒಂದೇ ದೃಶ್ಯದೊಳಗೆ ಭೇಟಿಯಾಗುವಂತಿರಬೇಕು. ಇದನ್ನು ಕಡ್ಡಾಯ ಷರತ್ತಾಗಿಸುವ ಅಧಿಕಾರ ನಿಮಗೆ ಮಾತ್ರ ಇದೆ. ನಮ್ಮಂಥ ತರಬೇತುದಾರರು ಎಷ್ಟು ಕೇಳಿದರೂ ಅದು ಇಲಾಖೆಯ ಗೋಡೆ ದಾಟುವುದಿಲ್ಲ.

ಮೂರನೆಯದು ಮೊದಲು ತಲುಪಿದ ಗಾಡಿಯ ದೃಶ್ಯ, ಅಂದರೆ ಚಿಕಿತ್ಸೆ ಕೊಡದಿರುವ ಅಭ್ಯಾಸ. ಮೊದಲ ಇಬ್ಬರ ಕೆಲಸ ಗಾಯಾಳುಗಳನ್ನು ಮುಟ್ಟುವುದಲ್ಲ. ನಿಂತು, ಸುತ್ತ ನೋಡಿ, ವರದಿ ಕೊಡುವುದು: ಇದು ದೊಡ್ಡ ಅವಘಡ, ನಿಖರ ಸ್ಥಳ ಇದು, ಅಪಾಯಗಳಿವು, ಬರುವ ದಾರಿ ಹೋಗುವ ದಾರಿ ಇವು, ಗಾಯಾಳುಗಳು ಅಂದಾಜು ಇಷ್ಟು, ಬೇಕಾದ ನೆರವು ಇಷ್ಟು. ಕೈಕಟ್ಟಿ ನಿಂತಂತೆ ಕಾಣುವ ಆ ಎರಡು ಮೂರು ನಿಮಿಷಗಳನ್ನು ಸುತ್ತಲಿನ ಜನರ ಬೈಗುಳದ ನಡುವೆ ಮಾಡಿ ಮುಗಿಸುವುದನ್ನು ಹೆಡ್‌ಸೆಟ್ಟಿನಲ್ಲಿ ಬಹಳ ಚೆನ್ನಾಗಿ ಕಲಿಸಬಹುದು. ಅಂದಹಾಗೆ, ದೃಶ್ಯದಲ್ಲಿರುವ ಜನ ಸಿಬ್ಬಂದಿಯ ಭಾಷೆಯಲ್ಲೇ ಬೈಯಬೇಕು, ಅಳಬೇಕು. ಪರಭಾಷೆಯಲ್ಲಿ ನರಳುವ ಗಾಯಾಳುವನ್ನು ದಾಟಿಹೋಗುವುದು ಸುಲಭ.

ಷರತ್ತುಗಳ ವಿಷಯದಲ್ಲಿ ಇನ್ನು ಕೆಲವು ಮಾತು. ಎದೆ ಒತ್ತುವಂಥ, ಆಗಾಗ ಬಳಸುವ ಕೌಶಲವೇ ತರಬೇತಿಯಾದ ಕೆಲವು ತಿಂಗಳಲ್ಲಿ ಮಸುಕಾಗುತ್ತದೆ ಎಂಬುದು ಹಲವು ಅಧ್ಯಯನಗಳಿಂದ ಖಚಿತವಾಗಿದೆ. ಎಂದೋ ಒಮ್ಮೆ ಬಳಸುವ ಟ್ರಯಾಜ್ ಅದಕ್ಕಿಂತ ಹೆಚ್ಚು ಬಾಳುತ್ತದೆಂದು ನಂಬಲು ಕಾರಣವಿಲ್ಲ. ಆದ್ದರಿಂದ ವರ್ಷಕ್ಕೊಂದು ಇಡೀ ದಿನದ ಬದಲು ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಕೊಡಿ, ಆ ಗಂಟೆಯನ್ನು ಪಾಳಿಯೊಳಗೆ, ಸಂಬಳದ ಹೊತ್ತಿನಲ್ಲಿ ಕೊಡಿ. ರಾತ್ರಿ ಪಾಳಿ ಮುಗಿಸಿದವರನ್ನು ‘ಹೇಗೂ ಇಲ್ಲೇ ಇದ್ದೀರಲ್ಲ’ ಎಂದು ಕೂರಿಸಿದರೆ ಕಲಿಕೆಯೂ ಇಲ್ಲ, ನ್ಯಾಯವೂ ಇಲ್ಲ. ದೃಶ್ಯಗಳನ್ನು ಬದಲಿಸುವ ಹಕ್ಕು ತರಬೇತುದಾರರ ಕೈಯಲ್ಲಿರಲಿ. ಟ್ರಯಾಜ್ ನಿಯಮದ ಒಂದು ಸಾಲು ಬದಲಾದರೆ ಕಂಪನಿಗೆ ಪತ್ರ ಬರೆದು ಆರು ತಿಂಗಳು ಕಾಯುವಂತಾಗಬಾರದು. ಬೆವರಿಳಿದ ಹೆಡ್‌ಸೆಟ್ಟನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಏರಿಸುವಾಗ ಒರೆಸಿ ಶುಚಿಮಾಡುವ ಸಾಮಗ್ರಿ, ಕನ್ನಡಕ ಹಾಕುವವರಿಗೆ ಹೊಂದುವ ಅಳತೆ, ಕೆಲವೇ ಗಂಟೆಗಳಲ್ಲಿ ಬರಿದಾಗುವ ಬ್ಯಾಟರಿಗೆ ಬದಲಿ, ಇವೆಲ್ಲ ಚಿಲ್ಲರೆ ವಿಷಯಗಳೆನಿಸುತ್ತವೆ. ಆದರೆ ಬೀರು ಸೇರಿ ಧೂಳು ಹಿಡಿದ ಉಪಕರಣಗಳಲ್ಲಿ ಬಹುಪಾಲು ಅಲ್ಲಿಗೆ ಸೇರಿದ್ದು ಇಂಥ ಚಿಲ್ಲರೆ ಕಾರಣಗಳಿಗೇ.

ಒಂದು ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಆ ದಾಖಲೆಗಳು, ಆ ಗೆರೆಗಳು, ಹೃದಯ ಬಡಿತದ ಅಂಕಿಗಳು ತರಬೇತಿ ಕೋಣೆಯಿಂದ ಹೊರಗೆ ಹೋಗಬಾರದು. ಬಡ್ತಿಗೆ, ವರ್ಗಾವಣೆಗೆ, ಶಿಸ್ತುಕ್ರಮಕ್ಕೆ, ಕಂಪನಿಯ ಜಾಹೀರಾತಿಗೆ ಯಾವುದಕ್ಕೂ ಅವನ್ನು ಬಳಸುವುದಿಲ್ಲವೆಂದು ಆದೇಶದಲ್ಲೇ ಬರೆಯಿರಿ. ಇಲ್ಲವಾದರೆ ಏನಾಗುತ್ತದೆಂದು ನಮಗೆ ಗೊತ್ತು: ಅಂಕ ಬರುವ ಹಾಗೆ ಆಡುವುದನ್ನು ಜನ ಬೇಗ ಕಲಿಯುತ್ತಾರೆ, ತಪ್ಪು ಮಾಡಿ ನೋಡುವ ಧೈರ್ಯ ಹೋಗುತ್ತದೆ. ತಪ್ಪು ಮಾಡಲಾಗದ ಅಭ್ಯಾಸಕ್ಕೆ ಇಷ್ಟು ಹಣ ಸುರಿಯುವುದೇಕೆ? ಹಾಗೆಯೇ, ದೃಶ್ಯದ ನಡುವೆ ಹೆಡ್‌ಸೆಟ್ ಕಳಚಿ ‘ಸಾಕು’ ಎನ್ನುವ ಹಕ್ಕು ಎಲ್ಲರಿಗೂ ಇರಬೇಕು, ಕಾರಣ ಕೇಳಬಾರದು. ನಮ್ಮವರಲ್ಲಿ ಅನೇಕರು ಇಂಥದನ್ನು ನಿಜವಾಗಿ ಕಂಡು ಬಂದವರು. ಸತ್ತ ಮಗುವಿನ ದೃಶ್ಯ ಒಬ್ಬರಿಗೆ ಪಾಠವಾದರೆ ಇನ್ನೊಬ್ಬರಿಗೆ ನಿದ್ದೆಗೆಟ್ಟ ಒಂದು ತಿಂಗಳಾಗಬಹುದು. ದೃಶ್ಯ ಎಷ್ಟು ಘೋರವಾಗಿದ್ದರೆ ತರಬೇತಿ ಅಷ್ಟು ಒಳ್ಳೆಯದು ಎಂಬ ನಂಬಿಕೆ ಮಾರಾಟಗಾರರದ್ದು, ಕಲಿಸುವವರದ್ದಲ್ಲ.

ಕೊನೆಯದಾಗಿ ಒಂದು ಬಿನ್ನಹ. ಮುಂದಿನ ಬಾರಿ ಕಂಪನಿಯವರು ಬಂದಾಗ ಎರಡು ನಿಮಿಷದ ಪ್ರದರ್ಶನ ಬೇಡವೆನ್ನಿ. ಇಪ್ಪತ್ತು ಗಾಯಾಳುಗಳ ಪೂರ್ತಿ ದೃಶ್ಯ ಕೇಳಿ, ಕೈಗೆ ಪಟ್ಟಿಗಳನ್ನು ತೆಗೆದುಕೊಂಡು ನೀವೇ ಒಳಗೆ ಹೋಗಿ, ಮುಗಿಸಿ ಹೊರಬನ್ನಿ. ಆಮೇಲೆ ಅವರನ್ನು ಕೇಳಿ: ನಾನು ಯಾರನ್ನು, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ನೋಡಿದೆ, ನನ್ನ ತಪ್ಪುಗಳಿಂದ ಯಾರಿಗೆ ಏನಾಯಿತು, ತೋರಿಸಿ. ತೋರಿಸಿದರೆ ಅವರೊಂದಿಗೆ ಬೆಲೆಯ ಮಾತಾಡಬಹುದು. ಬರಿಯ ಅಂಕ ತೋರಿಸಿ ಅಭಿನಂದನೆ ಹೇಳಿದರೆ ಅವರನ್ನು ಬಾಗಿಲ ತನಕ ಕಳಿಸಿಕೊಟ್ಟುಬಿಡಿ. ಟೆಂಡರ್ ಷರತ್ತುಗಳ ಕರಡನ್ನು ಸೇವೆಯಲ್ಲಿರುವ ಸಿಬ್ಬಂದಿ ಮತ್ತು ತರಬೇತುದಾರರ ಮುಂದಿಟ್ಟು ಅಭಿಪ್ರಾಯ ಕೇಳಿ. ನೀವು ಕರೆದರೆ ಆ ಕರಡಿನ ಕೆಲಸಕ್ಕೆ ಕೂರಲು ನಾನೂ, ನನ್ನಂಥ ಹಲವರೂ ಸಿದ್ಧರಿದ್ದೇವೆ.

ಇಂತು,
ತುರ್ತು ವೈದ್ಯಕೀಯ ಸೇವೆಯ ಒಬ್ಬ ತರಬೇತುದಾರ